ಕಟ್ಟಿಗೆಯ ಇರುವೆ ಗೂಡು: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಸಾಕಿದ ಇರುವೆಗಳ ಗೂಡಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಮೊದಲು ನೀರು ಎಲ್ಲಿದೆ, ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಹವೆಯಲ್ಲಿ ಕಟ್ಟಿಗೆಯ ಗೂಡಿಗೆ ಬರುವ ತೊಂದರೆಗಳಲ್ಲಿ ಬಹುಪಾಲು ಒಂದೇ ಬೇರಿನಿಂದ ಹುಟ್ಟುತ್ತವೆ: ನೀರು ಹಿಡಿದಿಡುವ ಕೆಲಸವನ್ನು ಕಟ್ಟಿಗೆಗೆ ಒಪ್ಪಿಸಿರುತ್ತೇವೆ. ಕಟ್ಟಿಗೆ ಒಳ್ಳೆಯ ಗೋಡೆ, ಒಳ್ಳೆಯ ಕತ್ತಲೆ, ಬಿಸಿಲಿಗೆ ಒಳ್ಳೆಯ ತಡೆ. ತೇವವನ್ನು ಹದವಾಗಿ ಇಟ್ಟುಕೊಳ್ಳುವುದು ಮಾತ್ರ ಅದರಿಂದಾಗದು. ನೀರು ಕುಡಿದರೆ ಉಬ್ಬಿ ಬೂಷ್ಟು ಹಿಡಿಯುತ್ತದೆ, ಒಣಗಿದರೆ ಸಂದು ಬಿಡುತ್ತದೆ. ತೇವಕ್ಕೆ ಪ್ಲಾಸ್ಟರ್ ಅಥವಾ ಸುಟ್ಟ ಇಟ್ಟಿಗೆ, ಹೊರಮನೆಗೆ ಕಟ್ಟಿಗೆ ಎಂದು ಬೇರೆ ಮಾಡಿದರೆ ಕೆಳಗೆ ಬರೆದಿರುವ ಅರ್ಧಕ್ಕರ್ಧ ತೊಂದರೆ ಹುಟ್ಟುವುದೇ ಇಲ್ಲ.

ಇಲ್ಲಿ ಹೇಳಿರುವುದು ನಮ್ಮ ಕಡೆಯ ಕಪ್ಪು ಗೊದ್ದವನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾಂಪೊನೋಟಸ್ ಕಂಪ್ರೆಸಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಬೇವು, ಜಾಲಿ ಮರಗಳ ಬುಡದಲ್ಲಿ, ಅಂಗಳದ ಮಣ್ಣಿನಲ್ಲಿ ಗೂಡು ಮಾಡುವ ದೊಡ್ಡ ಇರುವೆ. ಅದಕ್ಕೆ ಕೊಂಡಿಯಿಲ್ಲ, ಆದರೆ ಕಚ್ಚುತ್ತದೆ, ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಗೂಡಿನ ರಚನೆ ಹೀಗಿದೆ ಎಂದುಕೊಳ್ಳೋಣ: ಕಟ್ಟಿಗೆಯ ಚೌಕಟ್ಟು, ಅದರೊಳಗೆ ಕೊರೆದ ಅಥವಾ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಕೋಣೆಗಳು, ಮೇಲೆ ಗಾಜು, ಗಾಜಿನ ಮೇಲೆ ಬೆಳಕು ತಡೆಯುವ ಕಟ್ಟಿಗೆಯ ಮುಚ್ಚಳ, ಪಕ್ಕದಿಂದ ಒಂದು ನಳಿಕೆ ಹೊರಟು ಮೇವಿಡುವ ಅಂಗಳದ ಡಬ್ಬಿಗೆ ಸೇರುತ್ತದೆ. ದೊಡ್ಡ ತಲೆಯ ಗೊದ್ದಗಳು ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದ ಬೆಳೆಯುವುದರಿಂದ ದಾರಿಗಳು 8ರಿಂದ 10 ಮಿಲಿಮೀಟರ್ ಅಗಲ, ಕೋಣೆಗಳು 10ರಿಂದ 12 ಮಿಲಿಮೀಟರ್ ಆಳ ಇದ್ದರೆ ಸಾಕು.

ಪರೀಕ್ಷೆಗೆ ಮುಂಚೆ ಒಂದು ಸಣ್ಣ ಕೆಲಸ. ಅಗ್ಗದ ಡಿಜಿಟಲ್ ತೇವಮಾಪಕಗಳು ಹತ್ತು-ಹದಿನೈದು ಅಂಕ ತಪ್ಪು ತೋರಿಸುವುದುಂಟು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಹಸಿ ಮರಳಿನ ಹದಕ್ಕೆ ಬರುವಷ್ಟು ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದು ಶೇ 75ರ ಆಸುಪಾಸು ತೋರಿಸಬೇಕು. 65 ತೋರಿಸಿದರೆ ನಿಮ್ಮ ಮಾಪಕ ಹತ್ತು ಕಡಿಮೆ ಹೇಳುತ್ತದೆ ಎಂದು ಅದರ ಬೆನ್ನಿಗೇ ಬರೆದು ಅಂಟಿಸಿ. ಖರ್ಚು ಒಂದು ಚಮಚ ಉಪ್ಪು. ಇದಿಲ್ಲದೆ ಮಾಪಕ ತೋರಿಸಿದ್ದೆಲ್ಲ ಊಹೆಯಾಗುತ್ತದೆ.

ಹೊಸ ಗೂಡಿಗೆ ಹೋಗಲು ಒಲ್ಲವು

ಗೂಡು ಜೋಡಿಸಿ ದಿನಗಳಾದರೂ ಇರುವೆಗಳು ಹಳೆಯ ಟೆಸ್ಟ್ ಟ್ಯೂಬಿನಲ್ಲೇ (ಮೊದಲಿಗೆ ಅವುಗಳನ್ನು ಸಾಕಿದ, ಹತ್ತಿಯ ಬಿರಡೆಯ ಹಿಂದೆ ನೀರಿರುವ ನಳಿಕೆ) ಕುಳಿತಿವೆ. ಒಂದೆರಡು ಬಂದು ಸುತ್ತಿ ನೋಡಿ ವಾಪಸು ಹೋಗುತ್ತವೆ.

ಮೊದಲು ಬೆಳಕು. ಹಳೆಯ ಟ್ಯೂಬು ಕತ್ತಲಲ್ಲೂ ಹೊಸ ಗೂಡು ಬೆಳಕಲ್ಲೂ ಇದ್ದರೆ ಅವು ಯಾಕೆ ಬಂದಾವು? ಹೊಸ ಗೂಡಿನ ಮುಚ್ಚಳ ಹಾಕಿ, ಹಳೆಯ ಟ್ಯೂಬಿನ ಮೇಲಿನ ಕಾಗದ ತೆಗೆಯಿರಿ. ಒಂದು ವಾರ ಮುಟ್ಟಬೇಡಿ. ಹಳೆಯ ಟ್ಯೂಬಿನ ನೀರು ಮುಗಿಯುತ್ತಾ ಬಂದಂತೆ ಅವಾಗಿಯೇ ಹೊರಡುತ್ತವೆ. ಟ್ಯೂಬನ್ನು ಅಲುಗಾಡಿಸಿ ಸುರಿಯುವುದು ಕೊನೆಯ ದಾರಿ. ಹಾಗೆ ಮಾಡಿದಾಗ ಗಾಬರಿಗೊಂಡ ಕೆಲಸಗಾರ ಇರುವೆಗಳು ತಮ್ಮ ಮೊಟ್ಟೆಗಳನ್ನೇ ತಿಂದುಹಾಕುವುದುಂಟು.

ಬೆಳಕು ಸರಿಯಿದ್ದರೆ ವಾಸನೆ ನೋಡಿ. ಖಾಲಿ ಗೂಡನ್ನು ಎಲ್ಲ ಕಡೆ ಮುಚ್ಚಿ ಒಂದು ದಿನ ನೆರಳಿನಲ್ಲಿಡಿ, ತೆಗೆದ ಕೂಡಲೇ ಮೂಗು ಹತ್ತಿರ ಒಯ್ಯಿರಿ. ಹುಳಿ ವಾಸನೆ ಬಂದರೆ ಸಿಲಿಕೋನ್ ಇನ್ನೂ ಪೂರ್ತಿ ಒಣಗಿಲ್ಲ. ವಾರ್ನಿಷ್, ಥಿನ್ನರ್ ವಾಸನೆ ಬಂದರೆ ಒಳಗೆ ಬಣ್ಣ ತಾಗಿದೆ. ಎರಡಕ್ಕೂ ಮದ್ದು ಗಾಳಿ: ಒಂದೆರಡು ವಾರ ತೆರೆದಿಟ್ಟು ಮತ್ತೆ ಮೂಸಿ ನೋಡಿ. ಬಚ್ಚಲು, ಅಡುಗೆಮನೆಗೆಂದು ಮಾರುವ ಸಿಲಿಕೋನಿನಲ್ಲಿ ಬೂಷ್ಟು ತಡೆಯುವ ವಿಷ ಬೆರೆತಿರುತ್ತದೆ. ಮೀನಿನ ತೊಟ್ಟಿಗೆ ಬಳಸುವುದನ್ನೇ ಕೊಳ್ಳಿ.

ವಾಸನೆ ಹೋಗಲೇ ಇಲ್ಲವೆಂದರೆ ಸಂಶಯ ಕಟ್ಟಿಗೆಯ ಮೇಲೆಯೇ. ಎಂಡಿಎಫ್ (ಕಟ್ಟಿಗೆಯ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ), ಅಗ್ಗದ ಪ್ಲೈವುಡ್ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಬಹಳ ಕಾಲ ಹೊರಬರುತ್ತಿರುತ್ತದೆ. ತೇವ ತಾಗಿದರೆ ಪದರ ಬಿಡುತ್ತವೆ. ಹುಳ ಹಿಡಿಯದಿರಲೆಂದು ಬೋರಿಕ್ ಪುಡಿ ಅಥವಾ ಬೋರಾಕ್ಸ್ ಕುಡಿಸಿದ ಕಟ್ಟಿಗೆ ಇರುವೆಗೆ ನೇರ ವಿಷ. ಬೇವಿನ ಹಲಗೆ ಸುಲಭವಾಗಿ ಸಿಗುತ್ತದೆಂದು ಆಸೆಪಡಬೇಡಿ. ಕಾಳಿನ ಚೀಲಕ್ಕೆ ಹುಳ ಬಾರದಿರಲೆಂದು ಬೇವಿನ ಎಲೆ ಹಾಕುವ ನಾವೇ ಇರುವೆಯನ್ನು ಬೇವಿನೊಳಗೆ ಇಡುವುದು ತರವಲ್ಲ. ಕಾರ್ಖಾನೆಗಳಿಂದ ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಬಳಸುವುದಾದರೆ ಅದರ ಮೇಲಿನ ಮುದ್ರೆ ಓದಿ. 'ಎಚ್‌ಟಿ' ಎಂದರೆ ಶಾಖ ಕೊಟ್ಟು ಶುದ್ಧಿ ಮಾಡಿದ್ದು, ನಡೆಯುತ್ತದೆ. 'ಎಂಬಿ' ಎಂದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಬೇಡ. ಮುದ್ರೆಯೇ ಇಲ್ಲದಿದ್ದರೂ ಬೇಡ. ಹಳೆಯ ಬಾಗಿಲು-ಚೌಕಟ್ಟಿನಿಂದ ಬಿಡಿಸಿದ, ಬಣ್ಣ ಕಾಣದ ಸಾಗವಾನಿ ತುಂಡು ಕಟ್ಟಿಗೆ ಅಡ್ಡೆಯಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ವರ್ಷಗಟ್ಟಲೆ ಒಣಗಿ ಹದಕ್ಕೆ ಬಂದಿರುತ್ತದೆ.

ಗೂಡು ತೀರಾ ದೊಡ್ಡದಾದರೂ ಇದೇ ಲಕ್ಷಣ. ಹತ್ತಿಪ್ಪತ್ತು ಇರುವೆಗಳಿರುವ ಎಳೆಯ ಸಂಸಾರಕ್ಕೆ ಎರಡು ಕೋಣೆ ಸಾಕು. ಉಳಿದದ್ದನ್ನು ಹತ್ತಿಯಿಂದ ಮುಚ್ಚಿ.

ಮೊಟ್ಟೆ-ಮರಿಗಳನ್ನೆಲ್ಲ ಒಂದೇ ಮೂಲೆಗೆ ಹೊತ್ತೊಯ್ದಿವೆ

ನಮ್ಮ ಮೂರು ಜಿಲ್ಲೆಗಳಲ್ಲಿ ಅತಿ ಹೆಚ್ಚು ಕಾಣುವ ಲಕ್ಷಣ ಇದು. ಇರುವೆಗಳು ಮೊಟ್ಟೆ-ಮರಿಗಳನ್ನು ಇಡುವ ಜಾಗವೇ ನಿಮ್ಮ ಅತ್ಯುತ್ತಮ ಮಾಪಕ. ಮಾಮೂಲಿಯಾಗಿ ಅವು ಮೊಟ್ಟೆ ಮತ್ತು ಎಳೆ ಮರಿಹುಳುಗಳನ್ನು ತೇವದ ಕಡೆ, ಕಂದು ಬಣ್ಣದ ಕೋಶಗಳನ್ನು ಅದಕ್ಕಿಂತ ಒಣಗಿದ ಕಡೆ ಬೇರೆ ಬೇರೆ ಇಡುತ್ತವೆ. (ಜನ 'ಇರುವೆ ಮೊಟ್ಟೆ' ಎಂದು ತೋರಿಸುವ ಅಕ್ಕಿಕಾಳಿನಂಥವು ನಿಜವಾಗಿ ಈ ಕೋಶಗಳು, ಮೊಟ್ಟೆ ಅದಕ್ಕಿಂತ ಬಹಳ ಚಿಕ್ಕದು.) ಎರಡೂ ಬೇರೆ ಬೇರೆ ಕಡೆ ಇದ್ದರೆ ಗೂಡು ಆರೋಗ್ಯವಾಗಿದೆ. ಎಲ್ಲವನ್ನೂ ನೀರಿನ ಮೂಲೆಗೆ ಒತ್ತಿಕೊಂಡು ಕುಳಿತಿದ್ದರೆ ಉಳಿದ ಕೋಣೆಗಳು ಒಣಗಿವೆ. ಎಲ್ಲವನ್ನೂ ನೀರಿನಿಂದ ದೂರ, ನಳಿಕೆಯ ಬಾಯಿಗೆ ಎಳೆದಿದ್ದರೆ ಒಳಗೆ ನೀರು ಹೆಚ್ಚಾಗಿದೆ. ಅಂಗಳದ ಡಬ್ಬಿಗೇ ಹೊತ್ತು ತಂದಿದ್ದರೆ ಒಳಗೆ ಇರಲಾಗದಷ್ಟು ಸೆಕೆಯಿದೆ ಅಥವಾ ವಿಷವಿದೆ, ಆಗ ತಡಮಾಡುವಂತಿಲ್ಲ.

ಮೊದಲ ಪರೀಕ್ಷೆಗೆ ಕಣ್ಣು ಸಾಕು. ಹಸಿ ಪ್ಲಾಸ್ಟರ್ ಕಪ್ಪಗೆ, ಒಣಗಿದ್ದು ಬೆಳ್ಳಗೆ ಕಾಣುತ್ತದೆ. ಮೂರರಲ್ಲಿ ಒಂದು ಭಾಗವಾದರೂ ಕಪ್ಪಗಿರಬೇಕು. ಮಾರ್ಚ್‌ನಿಂದ ಮೇವರೆಗೆ ನಮ್ಮ ಗಾಳಿ ನೀರನ್ನು ಹೀರುವ ವೇಗಕ್ಕೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ನೀರು ಸಾಕಾಗುತ್ತಿದ್ದ ಗೂಡು ದಿನ ಬಿಟ್ಟು ದಿನ ಕೇಳುತ್ತದೆ. ಏನೇ ಆದರೂ ಅಂಗಳದ ಡಬ್ಬಿಯಲ್ಲಿ ಹತ್ತಿಯ ಬಿರಡೆ ಹಾಕಿದ ನೀರಿನ ಟ್ಯೂಬೊಂದು ಸದಾ ಇರಲಿ. ಗೂಡು ಪೂರ್ತಿ ಒಣಗಿದರೂ ಅದೊಂದು ಜೀವ ಉಳಿಸುತ್ತದೆ.

ನೀರು ಹಾಕಿದರೂ ಪ್ಲಾಸ್ಟರ್ ಕಪ್ಪಾಗುತ್ತಿಲ್ಲ, ಮೇಲೆ ಬಿಳಿ ಹೆಪ್ಪು ಕಟ್ಟಿದೆ ಎಂದರೆ ದೋಷ ನೀರಿನದೇ. ನಮ್ಮ ಬೋರ್‌ವೆಲ್ ನೀರು ಗಡಸು. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಅಂಶವೂ ಹೆಚ್ಚು. ನೀರು ಆರಿದಂತೆ ಲವಣ ಉಳಿದು ಪ್ಲಾಸ್ಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ. ಕ್ಲೋರಿನ್ ವಾಸನೆಯ ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ. ಹೆಪ್ಪು ದಪ್ಪವಾಗಿದ್ದರೆ ಇರುವೆಗಳನ್ನು ಬೇರೆ ಕಡೆ ಸಾಗಿಸಿದ ಮೇಲೆ ಮೇಲ್ಪದರ ಕೆರೆದು ತೆಗೆಯಬಹುದು.

ತೇವ ಸರಿಯಿದ್ದೂ ಗುಂಪು ಚದುರದಿದ್ದರೆ ಸೆಕೆ ಅಳೆಯಿರಿ. ಗೊದ್ದಕ್ಕೆ 25ರಿಂದ 30 ಡಿಗ್ರಿ ಹಿತ. ಗೂಡಿನೊಳಗೆ 35 ದಾಟಿದರೆ ಎಚ್ಚರವಾಗಿ. 40ರ ಹತ್ತಿರ ಬಂದರೆ ಮರಿಗಳು ಸಾಯತೊಡಗುತ್ತವೆ. ಬೇಸಿಗೆಯಲ್ಲಿ ಹೊರಗೆ 40 ದಾಟುವುದು ನಮಗೆ ಸುದ್ದಿಯೇ ಅಲ್ಲ. ಇಲ್ಲಿ ಎಷ್ಟೋ ಜನ ಎಡವುವುದು ಅಳೆಯುವ ಹೊತ್ತಿನಲ್ಲಿ. ಕಟ್ಟಿಗೆ ಶಾಖವನ್ನು ನಿಧಾನವಾಗಿ ಒಳಗೆ ಬಿಡುತ್ತದೆ, ಅಷ್ಟೇ ನಿಧಾನವಾಗಿ ಹೊರಗೆ ಬಿಡುತ್ತದೆ. ಮಧ್ಯಾಹ್ನ ಎರಡಕ್ಕೆ ನೋಡಿ 'ಪರವಾಗಿಲ್ಲ' ಎಂದುಕೊಂಡ ಪೆಟ್ಟಿಗೆ ಸಂಜೆ ಏಳಕ್ಕೆ ಅದಕ್ಕಿಂತ ಬಿಸಿಯಾಗಿರಬಹುದು. ಆರ್‌ಸಿಸಿ ಚಾವಣಿಯ ಮೇಲಂತಸ್ತಿನ ಕೋಣೆಯಲ್ಲಿದ್ದರೆ ರಾತ್ರಿ ಹತ್ತರವರೆಗೂ ಚಾವಣಿಯ ಕಾವು ಇಳಿಯುವುದಿಲ್ಲ. ಹಾಗಾಗಿ ಸಂಜೆ ಐದಕ್ಕೊಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಅಳೆಯಿರಿ.

ಪರಿಹಾರವೂ ಅಗ್ಗದಿಂದಲೇ ಶುರುವಾಗಲಿ. ಪಶ್ಚಿಮದ ಗೋಡೆಯಿಂದ, ಫ್ರಿಜ್ಜಿನ ಬೆನ್ನಿನಿಂದ ಗೂಡನ್ನು ಸರಿಸಿ ನೆಲಮಹಡಿಯ ಕಲ್ಲುಹಾಸಿನ ಹತ್ತಿರ ತನ್ನಿ. ಮಣ್ಣಿನ ಮಾಳಿಗೆಯ ಹಳೆಯ ಮನೆ ಇರುವವರು ಪುಣ್ಯವಂತರು. ಕುಡಿಯುವ ನೀರಿನ ಹರವಿ ಇಡುವ ಮೂಲೆಯಲ್ಲೇ ಗೂಡಿಗೂ ಜಾಗ ಮಾಡಿ. ಒಣಹವೆ ಇರುವವರೆಗೆ ಒದ್ದೆ ಗೋಣಿತಟ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಕಟ್ಟಿಗೆಗೆ ತಾಗಿಸದೆ, ಗೂಡಿನ ಸುತ್ತ ಗೇಣು ದೂರದಲ್ಲಿ ತೂಗುಬಿಡಿ. ಕರೆಂಟು ಹೋಗಿ ಸೆಕೆ ಏರಿದ ದಿನಕ್ಕೆ ತುರ್ತು ಉಪಾಯ: ದೊಡ್ಡ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಗೂಡನ್ನಿಟ್ಟು, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿಯನ್ನು ಅದಕ್ಕೆ ತಾಗದಂತೆ ಪಕ್ಕದಲ್ಲಿಡಿ, ಮುಚ್ಚಳ ಸ್ವಲ್ಪ ಸರಿದಿರಲಿ. ನೇರವಾಗಿ ಫ್ರಿಜ್ಜಿನಲ್ಲಿ ಇಡಬೇಡಿ.

ಗೂಡಿನಲ್ಲಿ ಪ್ಲಾಸ್ಟರೇ ಇಲ್ಲ, ಬರಿಯ ಕಟ್ಟಿಗೆಯಲ್ಲೇ ಕೊರೆದದ್ದು ಎಂದಾದರೆ ಈ ದೋಷಕ್ಕೆ ಶಾಶ್ವತ ಪರಿಹಾರ ರಚನೆ ಬದಲಿಸುವುದೇ. ಗೂಡನ್ನು ಖಾಲಿ ಮಾಡಿ, ಮೂರರಲ್ಲಿ ಒಂದು ಭಾಗವನ್ನು ಇನ್ನಷ್ಟು ಆಳಕ್ಕೆ ಕೊರೆಸಿ, ಒಳಮೈಗೆ ಸಿಲಿಕೋನ್ ಬಳಿದು ನೀರು ಕಟ್ಟಿಗೆಗೆ ಇಳಿಯದಂತೆ ಮಾಡಿ, ಒಣಗಿದ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹೊಯ್ಯಿರಿ. ಹೊರಗಿನಿಂದ ಪ್ಲಾಸ್ಟರಿನ ಹೊಟ್ಟೆಗೆ ನೇರವಾಗಿ ಹೋಗುವ ತೆಳು ನಳಿಕೆಯೊಂದು ಇರಲಿ. ನೀರು ಅಲ್ಲಿಂದಲೇ ಹೋಗಬೇಕು. ಪಿಒಪಿ ಗಟ್ಟಿಯಾಗುವಾಗ ಕೈ ಸುಡುವಷ್ಟು ಬಿಸಿಯಾಗುತ್ತದೆ. ಬರಿಗೈಯಲ್ಲಿ ಕಲಸಬೇಡಿ, ಮಕ್ಕಳನ್ನು ದೂರವಿಡಿ, ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಪೂರ್ತಿ ಒಣಗಲು ವಾರ ಬಿಡಿ.

ಗಾಜಿನ ಮೇಲೆ ಹನಿ, ಗೋಡೆಯ ಮೇಲೆ ಬೂಷ್ಟು

ಬೆಳಿಗ್ಗೆ ಕಂಡು ಹತ್ತು ಗಂಟೆಗೆ ಆರಿಹೋಗುವ ಮಂಜು ದೋಷವಲ್ಲ. ರಾತ್ರಿ ಗಾಜು ತಣ್ಣಗಾಗಿತ್ತು, ಅಷ್ಟೇ. ಇಡೀ ದಿನ ಹನಿ ನಿಂತಿದ್ದರೆ ನೀರು ಹೆಚ್ಚಾಗಿದೆ ಅಥವಾ ಗಾಳಿಕಿಂಡಿ ಮುಚ್ಚಿದೆ. ಕಿಂಡಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಸಂಡೂರು, ಬಳ್ಳಾರಿ ಕಡೆ ಅದಿರು ಲಾರಿ ಓಡಾಡುವ ರಸ್ತೆ ಬದಿಯ ಮನೆಗಳಲ್ಲಿ ಕೆಂಪು ಧೂಳು ಕೂತು ಜಾಲರಿ ಹಂಚಿನಂತೆ ಗಟ್ಟಿಯಾಗಿರುತ್ತದೆ. ಒಣ ಬ್ರಷ್ಷಿನಿಂದ ಹೊರಮುಖವಾಗಿ ಉಜ್ಜಿದರೆ ಸಾಕು. ಅದೇ ಕೋಣೆಯಲ್ಲಿ ಏರ್ ಕೂಲರ್ ಓಡುತ್ತಿದ್ದರೆ ಗೂಡಿಗೆ ಹಾಕುವ ನೀರನ್ನು ಅರ್ಧಕ್ಕೆ ಇಳಿಸಿ.

ಬೂಷ್ಟು ಎಲ್ಲಿ ಬಂದಿದೆ ಎಂಬುದು ಮುಖ್ಯ. ತಿಂದುಳಿದ ಮಿಡತೆಯ ಕಾಲಿನ ಮೇಲೆ ಬಿಳಿ ನೂಲಿನಂತೆ ಬಂದಿದ್ದರೆ ಆ ತುಂಡು ತೆಗೆಯಿರಿ, ಕೆಲಸ ಮುಗಿಯಿತು. ಕಟ್ಟಿಗೆಯ ಮೈಮೇಲೆ ಹಸಿರು ಅಥವಾ ಕಪ್ಪು ಚುಕ್ಕೆಗಳು ಹಬ್ಬುತ್ತಿದ್ದರೆ ಕಟ್ಟಿಗೆ ನೀರು ಕುಡಿದಿದೆ. ಹೊಯ್ಯುವ ನಳಿಕೆ ಸೋರುತ್ತಿದೆಯೇ, ಪ್ಲಾಸ್ಟರ್ ಮತ್ತು ಕಟ್ಟಿಗೆಯ ನಡುವಿನ ಸಿಲಿಕೋನ್ ಬಿಟ್ಟಿದೆಯೇ ನೋಡಿ. ಅಂಟಿನಿಂದಲೂ ಬೂಷ್ಟು ಬರುತ್ತದೆ. ಕೊಪ್ಪಳದ ಕಿನ್ನಾಳ ಗೊಂಬೆ ಮಾಡುವವರು ಹುಣಸೆಬೀಜದ ಅಂಟನ್ನು ಎಷ್ಟು ಸೊಗಸಾಗಿ ಬಳಸುತ್ತಾರೆಂದರೆ ಯಾರಿಗಾದರೂ ಅದನ್ನೇ ಬಳಸುವ ಆಸೆಯಾಗುತ್ತದೆ. ಒಣಗಿದ ಜಾಗದಲ್ಲಿ ನಿಲ್ಲುವ ಗೊಂಬೆಗೆ ಅದು ಸರಿ. ಸದಾ ತೇವವಿರುವ ಗೂಡಿನಲ್ಲಿ ಹುಣಸೆಬೀಜ, ಮೈದಾ, ಗಂಜಿ ಯಾವುದರ ಅಂಟಾದರೂ ಬೂಷ್ಟಿಗೆ ಊಟವಾಗುತ್ತದೆ. ಮಾಮೂಲಿ ಬಿಳಿ ಅಂಟೂ ತೇವಕ್ಕೆ ಮೆತ್ತಗಾಗುತ್ತದೆ. ನೀರು ತಡೆಯುವ ಬಗೆಯದನ್ನು ಕೇಳಿ ಕೊಳ್ಳಿ.

ಮೊಳೆಯ ಸುತ್ತ ನೀಲಿಗಪ್ಪು ಕಲೆ ಕಂಡರೆ ಗಾಬರಿಯಾಗಬೇಡಿ. ಸಾಗವಾನಿ, ಜಾಲಿಯಂಥ ಕಟ್ಟಿಗೆಯಲ್ಲಿರುವ ಟ್ಯಾನಿನ್, ಕಬ್ಬಿಣದ ಮೊಳೆ ಮತ್ತು ನೀರು ಸೇರಿ ಆಗುವ ಕಲೆ ಅದು. ಬೂಷ್ಟಿಗೆ ನೂಲು ಅಥವಾ ಪುಡಿ ಇರುತ್ತದೆ, ಉಜ್ಜಿದರೆ ಕೈಗೆ ಹತ್ತುತ್ತದೆ. ಈ ಕಲೆ ಕಟ್ಟಿಗೆಯೊಳಗೇ ಇಳಿದಿರುತ್ತದೆ. ಇರುವೆಗೆ ಹಾನಿಯಿಲ್ಲ, ಆದರೆ ಅಲ್ಲಿವರೆಗೂ ನೀರು ಬಂದಿದೆ ಎಂಬುದಕ್ಕೆ ಸಾಕ್ಷಿ. ಮುಂದಿನ ಸಲ ಹಿತ್ತಾಳೆ ಅಥವಾ ಸ್ಟೀಲ್ ಸ್ಕ್ರೂ ಹಾಕಿಸಿ.

ಬೂಷ್ಟು ಕೋಣೆಗಳಿಗೆ ಹಬ್ಬಿದ್ದರೆ ಇರುವೆಗಳನ್ನು ಟ್ಯೂಬಿಗೆ ಸಾಗಿಸಿ, ಖಾಲಿ ಗೂಡನ್ನು ಕೆರೆದು ಕೆಲವು ದಿನ ಬಿಸಿಲಿಗಿಡಿ. ಆ ವಿಷಯದಲ್ಲಿ ನಮ್ಮ ಬಿಸಿಲಿಗಿಂತ ಒಳ್ಳೆಯ ಮದ್ದು ಬೇಡ. ಇರುವೆಗಳು ಒಳಗಿರುವಾಗ ಬ್ಲೀಚ್, ಫಿನಾಯಿಲ್ ಯಾವುದನ್ನೂ ಹತ್ತಿರ ತರಬೇಡಿ.

ಇರುವೆಗಳು ಹೊರಗೆ ತಿರುಗುತ್ತಿವೆ

ತಪ್ಪಿಸಿಕೊಂಡದ್ದು ಅಂಗಳದ ಡಬ್ಬಿಯ ಬಾಯಿಂದಲೋ ಗೂಡಿನ ಸಂದಿನಿಂದಲೋ ಎಂದು ಮೊದಲು ತೀರ್ಮಾನಿಸಿ. ರಾತ್ರಿ ದೀಪ ಆರಿಸಿ, ಗಾಜಿನ ಮೇಲಿಂದ ಒಳಕ್ಕೆ ಟಾರ್ಚ್ ಹಾಯಿಸಿ ಪಕ್ಕದಿಂದ ನೋಡಿ. ಬೆಳಕು ಎಲ್ಲಿ ಸೋರುತ್ತದೋ ಅಲ್ಲಿ ಎಳೆ ಇರುವೆಯೂ ಸೋರುತ್ತದೆ.

ಡಬ್ಬಿಯ ಬಾಯಿಗೆ ಬಳಿದ ಕೊಬ್ಬರಿ ಎಣ್ಣೆ, ವ್ಯಾಸಲಿನ್ ನಮ್ಮಲ್ಲಿ ನಿಲ್ಲುವುದಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಕರಗುತ್ತದೆ. ವ್ಯಾಸಲಿನ್ ಏಪ್ರಿಲ್‌ನಲ್ಲಿ ಜಾರಿ ಕೆಳಗಿಳಿದು ಇರುವೆಗಳಿಗೇ ಅಂಟಿಕೊಳ್ಳುತ್ತದೆ. ಟಾಲ್ಕಂ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೆಳ್ಳಗೆ ಕಲಸಿ ಒಳಬಾಯಿಗೆ ಎರಡು ಬೆರಳಗಲ ಬಳಿದರೆ ಒಣಗಿ ಜಾರುವ ಪದರವಾಗುತ್ತದೆ. ಮಳೆಗಾಲದ ತೇವಕ್ಕೆ ಉದುರುತ್ತದೆ, ಮತ್ತೆ ಬಳಿಯಬೇಕು. ಆಲ್ಕೊಹಾಲಿಗೆ ಬೆಂಕಿ ಬೇಗ ಹತ್ತುವುದರಿಂದ ಒಲೆ, ದೇವರ ದೀಪದಿಂದ ದೂರ, ಕಿಟಕಿ ತೆರೆದು ಮಾಡಿ.

ಸೋರಿಕೆ ಗೂಡಿನ ಸಂದಿನಲ್ಲೇ ಇದ್ದರೆ ಕಟ್ಟಿಗೆ ಸರಿದಿದೆ. ಕೊಪ್ಪಳದ ಹಿರಿಯ ಬಡಿಗೇರರೊಬ್ಬರು ಇದನ್ನು ಹೇಳಿದ ರೀತಿ ನನಗೆ ಬಹಳ ಹಿಡಿಸಿತು: "ಕಟಗಿ ಉದ್ದಕ್ಕ ಬೆಳಿಯೂದಿಲ್ರಿ, ಅಡ್ಡಕ್ಕ ಬೆಳಿತೈತಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಮುದುಡತೈತಿ. ಅದಕ್ಕ ಅಲ್ಲಾಡಾಕ ಜಾಗಾ ಬಿಡಬೇಕ್ರಿ." ಎಳೆಗೆ ಅಡ್ಡವಾಗಿ ಕಟ್ಟಿಗೆ ಹಿಗ್ಗಿ ಕುಗ್ಗುತ್ತದೆ, ಗಾಜು ಹಾಗೆ ಮಾಡುವುದಿಲ್ಲ. ನಾಲ್ಕೂ ಕಡೆ ಗಾಜನ್ನು ಅಂಟಿಸಿಬಿಟ್ಟರೆ ಒಂದೋ ಅಂಟು ಬಿಡುತ್ತದೆ, ಇಲ್ಲವೇ ಗಾಜು ಸೀಳುತ್ತದೆ. ಚೌಕಟ್ಟಿನಲ್ಲಿ ಗಾಡಿ (ಗಾಜು ಕೂರುವ ಕೊರೆತ) ತೆಗೆಸಿ, ಗಾಜಿನ ಅಂಚಿಗೂ ಕಟ್ಟಿಗೆಗೂ ನಡುವೆ ಒಂದೆರಡು ಮಿಲಿಮೀಟರ್ ಬಿಟ್ಟು, ಮೇಲಿಂದ ಪಟ್ಟಿ ಒತ್ತಿ ಸ್ಕ್ರೂ ಹಾಕಿಸುವುದು ಸರಿಯಾದ ದಾರಿ. ಆ ಬಿಡುವನ್ನು ಮೇಲಿನ ಪಟ್ಟಿ ಮುಚ್ಚುತ್ತದೆ. ಅಲ್ಲಿಯವರೆಗೆ ಸಂದಿಗೆ ಹತ್ತಿ ತುರುಕಿ. ಟೇಪು ಅಂಟಿಸುವುದಾದರೆ ಹೊರಗಿನಿಂದಲೇ, ಸಂದಿನ ಒಳಕ್ಕೆ ಅಂಟು ಮುಖ ಕಾಣದಂತೆ; ಕಂಡರೆ ಇರುವೆಗಳು ಅದಕ್ಕೇ ಸಿಕ್ಕಿ ಸಾಯುತ್ತವೆ.

ಗಾಳಿಕಿಂಡಿಯ ಜಾಲರಿ ಸ್ಟೀಲಿನದಾಗಿರಲಿ, ಕಣ್ಣು ಅರ್ಧ ಮಿಲಿಮೀಟರಿಗಿಂತ ದೊಡ್ಡದಿರದಿರಲಿ. ಸೊಳ್ಳೆ ಪರದೆಯ ನೈಲಾನನ್ನು ಗೊದ್ದ ಕಚ್ಚಿ ಹರಿಯುತ್ತದೆ.

ಗೂಡಿನ ಕೆಳಗೆ ಕಟ್ಟಿಗೆಯ ಪುಡಿ

ಮೂರು ಬಗೆಯ ಪುಡಿ, ಮೂರು ಬೇರೆ ಬೇರೆ ರೋಗ. ಬಿಳಿ ಕಾಗದದ ಮೇಲೆ ಸ್ವಲ್ಪ ಹಾಕಿ ಭೂತಗನ್ನಡಿಯಲ್ಲಿ ನೋಡಿ.

ಒರಟು ನಾರು, ಚೂರು ಚೂರಾಗಿ ಹರಿದಂತಿದ್ದು ನಡುವೆ ಸತ್ತ ಹುಳದ ಕಾಲು, ರೆಕ್ಕೆ ಸಿಕ್ಕರೆ ಅದು ಗೊದ್ದದ್ದೇ ಕೆಲಸ. ಅದು ಕಟ್ಟಿಗೆ ತಿನ್ನುವುದಿಲ್ಲ, ಜಾಗ ಸಾಲದೆ ಅಥವಾ ಮೆತ್ತಗಾದ ಕಟ್ಟಿಗೆ ಸಿಕ್ಕಿ ಅಗೆಯುತ್ತದೆ. ಅಗೆದ ಜಾಗವನ್ನು ಹುಡುಕಿ ಉಗುರಿನಿಂದ ಒತ್ತಿ. ಉಗುರು ಇಳಿದರೆ ಕಟ್ಟಿಗೆ ತೇವಕ್ಕೆ ಕೊಳೆತಿದೆ. ಮತ್ತೆ ನೀರಿನದೇ ಕಥೆ. ಗಟ್ಟಿಯಿದ್ದರೆ ಸಂಸಾರ ದೊಡ್ಡದಾಗಿದೆ, ಇನ್ನೊಂದು ಗೂಡು ಜೋಡಿಸಿ.

ಮೈದಾ ಹಿಟ್ಟಿನಷ್ಟು ನುಣುಪಾದ ಪುಡಿ, ಕಟ್ಟಿಗೆಯ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ದುಂಡು ತೂತು: ಕುಟ್ಟೆ ಹುಳ. ಮಾವಿನಂಥ ಮೆತ್ತನೆಯ ಕಟ್ಟಿಗೆಯಲ್ಲಿ, ಸಾಗವಾನಿಯ ಹೊರಬಿಳಿ ಭಾಗದಲ್ಲೂ ಬರುತ್ತದೆ. ಇರುವೆಗಳನ್ನು ಬೇಗ ಬೇರೆ ಕಡೆ ಸಾಗಿಸಿ. ಅಂಗಡಿಯ ಮದ್ದು ಕುಡಿಸಿ ಅದೇ ಕಟ್ಟಿಗೆಯನ್ನು ಉಳಿಸಿಕೊಳ್ಳುವ ಯೋಚನೆ ಬಿಡಿ, ಆ ಮದ್ದು ಇರುವೆಗೂ ಮದ್ದೇ.

ಸಾಸಿವೆಗಿಂತ ಸಣ್ಣ, ಒಂದೇ ಅಳತೆಯ, ಆರು ಮುಖದ ಒಣ ಕಾಳುಗಳಂತಿದ್ದರೆ ಒಣಕಟ್ಟಿಗೆಯ ಗೆದ್ದಲು. ಕಾಳಿನ ಬದಲು ಮಣ್ಣಿನ ಕೊಳವೆ ಕಂಡರೆ ನೆಲದಿಂದ ಏರಿದ ಗೆದ್ದಲು. ಎರಡರಲ್ಲಿ ಯಾವುದೇ ಆದರೂ, ಆ ಗೂಡನ್ನು ಕೈಬಿಟ್ಟು ಮನೆಯ ಬಾಗಿಲು, ಕಪಾಟುಗಳನ್ನು ನೋಡಿ. ತೊಂದರೆ ಇರುವೆ ಪೆಟ್ಟಿಗೆಗಿಂತ ದೊಡ್ಡದಿರಬಹುದು.

ಒಮ್ಮೆಲೇ ಸಾಯುತ್ತಿವೆ

ಕಸದ ಮೂಲೆಯಲ್ಲಿ ಆಗೊಂದು ಈಗೊಂದು ಹೆಣ ಬೀಳುವುದು ಸಹಜ, ಮುದಿ ಇರುವೆಗಳು ಹೋಗುತ್ತಿರುತ್ತವೆ. ಒಂದೇ ರಾತ್ರಿ ಹಲವು ಸತ್ತಿದ್ದರೆ, ಬೆನ್ನು ಕೆಳಗಾಗಿ ಕಾಲು ನಡುಗಿಸುತ್ತಿದ್ದರೆ, ಓಲಾಡುತ್ತ ನಡೆಯುತ್ತಿದ್ದರೆ ಅದು ನರಕ್ಕೆ ತಾಗುವ ವಿಷ ಎಂದೇ ಮೊದಲು ತಿಳಿಯಿರಿ. ಸೆಕೆಗೆ ಸತ್ತವು ಹೆಚ್ಚಾಗಿ ನೀರಿನ ಹತ್ತಿರ ಗುಂಪಾಗಿ ಬಿದ್ದಿರುತ್ತವೆ. ಬಾಯಾರಿ ಸತ್ತವುಗಳ ಹೊಟ್ಟೆ ಕುಗ್ಗಿರುತ್ತದೆ.

ಕಳೆದ ಮೂರು ದಿನಗಳಲ್ಲಿ ಮನೆಯಲ್ಲಿ ಏನು ಬದಲಾಯಿತು ಎಂದು ಎಲ್ಲರನ್ನೂ ಕೇಳಿ. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ಲಿಕ್ವಿಡ್, ಜಿರಲೆ ಸ್ಪ್ರೇ, ಲಕ್ಷ್ಮಣರೇಖೆಯ ಚಾಕ್‌ಪೀಸು, ಇವುಗಳಲ್ಲಿ ಹೆಚ್ಚಾಗಿ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಇರುತ್ತದೆ. ಅವ್ವ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಸುತ್ತ ಗೆರೆ ಎಳೆದು ಅದೇ ಕೈಯಲ್ಲಿ ಗೂಡಿನ ಮುಚ್ಚಳ ಮುಟ್ಟಿದ್ದರೂ ಸಾಕು. ಹಬ್ಬಕ್ಕೆ ಬಣ್ಣ ಹೊಡೆಸಿದ್ದು, ನೆಲಕ್ಕೆ ಫಿನಾಯಿಲ್ ಹಾಕಿದ್ದು, ಪಕ್ಕದ ಮನೆಯವರು ಗೆದ್ದಲಿಗೆ ಮದ್ದು ಹೊಡೆಸಿದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮನೆಯಲ್ಲಿ ಏನೂ ಇಲ್ಲವೆಂದರೆ ಮೇವು. ಇದನ್ನು ಒತ್ತಿ ಹೇಳಬೇಕಿದೆ. ನಮ್ಮ ಸುತ್ತ ಮದ್ದು ಬೀಳದ ಹೊಲ ಕಡಿಮೆ. ರಾಯಚೂರಿನ ಹತ್ತಿ, ಬಳ್ಳಾರಿ ಕಡೆಯ ಮೆಣಸಿನಕಾಯಿ, ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತ, ತೊಗರಿ, ಎಲ್ಲಕ್ಕೂ ಹಂಗಾಮಿನಲ್ಲಿ ಔಷಧಿ ಹೊಡೆಯುತ್ತಾರೆ. ಅಲ್ಲಿ ಹಿಡಿದ ಮಿಡತೆ ಚುರುಕಾಗಿ ಹಾರುತ್ತಿದ್ದರೂ ಅದರ ಮೈಮೇಲಿನ ಲವಲೇಶ ಗೂಡಿನ ಮರಿಗಳಿಗೆ ಸಾಕು. ಫ್ರೀಜರಿನಲ್ಲಿಟ್ಟರೆ ಹುಳ ಸಾಯುತ್ತದೆ, ಅದರ ಮೇಲಿನ ವಿಷ ಹಾಗೇ ಇರುತ್ತದೆ. ಮನೆಯ ದೀಪಕ್ಕೆ ಬರುವ ಹುಳಗಳೂ ಹೊಲದಿಂದಲೇ ಬಂದಿರಬಹುದು. ಡಬ್ಬಿಯಲ್ಲಿ ಗೋಧಿಬೂಸಾ ಹಾಕಿ ಬೆಳೆಸಿದ ಹುಳ, ಮನೆಯಲ್ಲೇ ಸಾಕಿದ ಚಿಮ್ಮಂಡೆ, ಇವೇ ನಂಬಿಕೆಯ ಮೇವು.

ಏನು ಮಾಡಬೇಕು? ಬದುಕಿರುವವನ್ನು, ರಾಣಿಯನ್ನು ಮೊದಲು ಮಾಡಿ, ಹೊಸ ನೀರಿನ ಟ್ಯೂಬಿಗೆ ಸಾಗಿಸಿ. ಹಳೆಯ ಮೇವು, ಹಳೆಯ ಹತ್ತಿ ಎಲ್ಲ ಎಸೆಯಿರಿ. ಕಿಟಕಿಯಿರುವ, ಬತ್ತಿ ಹಚ್ಚದ ಕೋಣೆಗೆ ಒಯ್ಯಿರಿ. ಒಂದು ದಿನ ಬರಿಯ ನೀರು, ಆಮೇಲೆ ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರಿನ ಹನಿ. ಸ್ಪ್ರೇ ನೇರವಾಗಿ ಬಿದ್ದ ಕಟ್ಟಿಗೆಯ ಗೂಡನ್ನು ತೊಳೆದು ಮತ್ತೆ ಬಳಸಬೇಡಿ. ಗಾಜು ತೊಳೆದರೆ ಶುದ್ಧವಾಗುತ್ತದೆ, ಕಟ್ಟಿಗೆ ವಿಷವನ್ನು ಹೀರಿ ಇಟ್ಟುಕೊಂಡಿರುತ್ತದೆ. ಅದನ್ನು ಒಲೆಗೂ ಹಾಕಬೇಡಿ.

ಸಣ್ಣ ಇರುವೆಗಳು ನುಗ್ಗಿವೆ

ಮನೆಯ ಸಣ್ಣ ಕೆಂಪು ಇರುವೆಗಳು ಸಾಲುಗಟ್ಟಿ ಬಂದರೆ ಒಂದು ರಾತ್ರಿಯಲ್ಲಿ ಎಳೆಯ ಗೂಡನ್ನು ಮುಗಿಸುತ್ತವೆ. ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗೂಡನ್ನು ಎತ್ತಿ ಬೇರೆಡೆ ಇಡಿ. ಆಮೇಲೆ ಹಿರಿಯರು ಊಟದ ಕಪಾಟಿಗೆ ಮಾಡುತ್ತಿದ್ದ ಉಪಾಯವೇ: ಮೇಜಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು, ಪ್ರತಿ ಬಟ್ಟಲಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ. ಮೇಜು ಗೋಡೆಗೆ, ಪರದೆಗೆ ತಾಗಿರಬಾರದು. ಸೊಳ್ಳೆ ಮರಿ ಮಾಡದಂತೆ ವಾರದೊಳಗೆ ನೀರು ಬದಲಿಸಿ, ಬಟ್ಟಲಿನ ಗೋಡೆ ಉಜ್ಜಿ ತೊಳೆಯಿರಿ; ಡೆಂಗಿ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು.

ರಾಣಿ ಮೊಟ್ಟೆ ಇಡುತ್ತಿಲ್ಲ

ಡಿಸೆಂಬರ್, ಜನವರಿಯ ಚಳಿಯಲ್ಲಿ ನಿಧಾನವಾಗುವುದು ಸಹಜ, ಬಿಟ್ಟುಬಿಡಿ. ಬೇರೆ ಕಾಲದಲ್ಲಾದರೆ ಹುಳದ ಮೇವು ಸಾಲುತ್ತಿದೆಯೇ ನೋಡಿ. ಬರಿಯ ಸಕ್ಕರೆ ನೀರಿನಿಂದ ಮರಿ ಬೆಳೆಯುವುದಿಲ್ಲ. ಮಿಕ್ಸರ್, ವಾಷಿಂಗ್ ಮಷಿನ್ ಇರುವ ಕಟ್ಟೆಯ ಮೇಲೆ ಗೂಡಿದ್ದರೆ ಸರಿಸಿ. ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆಯುವ ಮನೆಯಲ್ಲಿ ರಾಣಿಗೆ ನೆಮ್ಮದಿಯಿಲ್ಲ. ಕೆಂಪು ಬೆಳಕು ಇರುವೆಗೆ ಅಷ್ಟಾಗಿ ಕಾಣದ್ದರಿಂದ ಟಾರ್ಚಿಗೆ ಕೆಂಪು ಹಾಳೆ ಕಟ್ಟಿ ವಾರಕ್ಕೊಮ್ಮೆ ನೋಡಿ. ಮಳೆಯ ನಂತರ ಹಿಡಿದ ಒಂಟಿ ರಾಣಿ ಮೊದಲ ಮರಿಗಳು ಬೆಳೆಯುವವರೆಗೆ ಮೇವು ಕೇಳುವುದೇ ಇಲ್ಲ, ತನ್ನ ಮೈಯ ಕೊಬ್ಬಿನಿಂದಲೇ ಸಾಕುತ್ತದೆ. ಅದಕ್ಕೆ ಕಟ್ಟಿಗೆ ಗೂಡು ಇನ್ನೂ ಬೇಡ, ಟ್ಯೂಬು ಸಾಕು. ರಾಣಿ ಸತ್ತಿದ್ದರೆ ಬೇರೆ ರಾಣಿಯನ್ನು ತಂದು ಬಿಡಬೇಡಿ, ಕೊಂದುಹಾಕುತ್ತವೆ.

ಎಲ್ಲಿಗೆ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ರೌಟರ್ (ಕಟ್ಟಿಗೆ ಕೊರೆಯುವ ಯಂತ್ರ), ಕಟಿಂಗ್ ಮಷಿನ್ ಅಭ್ಯಾಸವಿಲ್ಲದವರು ಗಾಡಿ ತೆಗೆಯುವ, ಆಳ ಕೊರೆಯುವ ಕೆಲಸವನ್ನು ಬಡಿಗೇರರಿಗೆ ಕೊಡಿ. ಅರ್ಧ ದಿನದ ಕೂಲಿ ಬೆರಳಿಗಿಂತ ದೊಡ್ಡದಲ್ಲ. ನೀವೇ ಉಜ್ಜುವುದಾದರೆ ಕನ್ನಡಕ, ಮಾಸ್ಕ್ ಇರಲಿ. ಹೊರಮೈಗೆ ಅಗಸಿ ಎಣ್ಣೆ ಹಚ್ಚುವವರು ಇದನ್ನು ತಪ್ಪದೆ ಓದಿ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಲ್ಲದು, ನಮ್ಮ ಬೇಸಿಗೆಯಲ್ಲಂತೂ ಅಪಾಯ ಇನ್ನೂ ಹೆಚ್ಚು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಗೊದ್ದದ ಆಮ್ಲ ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು, ಉರಿ ಆರದಿದ್ದರೆ ವೈದ್ಯರ ಬಳಿ ಹೋಗಿ. ಕೆಂಪು ಇರುವೆ ಚುಚ್ಚಿದ ಮೇಲೆ ಮುಖ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಸಾವಿನ ಕಾರಣ ತಿಳಿಯದಿದ್ದರೆ, ಜಾತಿ ಗುರುತಿಸಲಾಗದಿದ್ದರೆ ಸತ್ತ ಇರುವೆಗಳನ್ನು ಸಣ್ಣ ಶೀಶೆಯಲ್ಲಿ ಸ್ಪಿರಿಟ್ ಹಾಕಿ, ಹಿಡಿದ ಊರು ಮತ್ತು ದಿನ ಬರೆದಿಟ್ಟುಕೊಳ್ಳಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ವಿಭಾಗವಿದೆ. ಗಂಗಾವತಿಯಲ್ಲಿ, ಬಳ್ಳಾರಿ ಹತ್ತಿರದ ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹುಳದ ಬಗ್ಗೆ ಕೇಳಿಕೊಂಡು ಹೋಗಲು ಸಂಕೋಚ ಬೇಡ. ದರೋಜಿ ಕರಡಿಧಾಮದಂಥ ಸಂರಕ್ಷಿತ ಕಾಡಿನಿಂದ ಮಾತ್ರ ಇರುವೆಯನ್ನಾಗಲಿ ಕಟ್ಟಿಗೆಯನ್ನಾಗಲಿ ತರಬೇಡಿ, ಹೊರದೇಶದ ಜಾತಿಗಳನ್ನು ತರಿಸಬೇಡಿ.

ಸೆಕೆ ಇಳಿಸಲಾಗದ ಮನೆ, ಮತ್ತೆ ಮತ್ತೆ ವಿಷ ತಾಗುವ ಮನೆ ಎಂದಾದರೆ ಆ ಬೇಸಿಗೆಗೆ ಸಾಕುವುದನ್ನು ನಿಲ್ಲಿಸಿ. ಆರೋಗ್ಯವಾಗಿರುವ ಗೂಡನ್ನು, ರಾಣಿಯನ್ನು ಹಿಡಿದ ಊರಿನಲ್ಲೇ, ಮಳೆ ಬಿದ್ದು ನೆಲ ಮೆತ್ತಗಾದ ಒಂದು ಸಂಜೆ, ಬೇರೆ ಗೊದ್ದದ ಗೂಡಿಲ್ಲದ ಮರದ ಬುಡದಲ್ಲಿ ಟ್ಯೂಬಿನ ಬಾಯಿ ತೆರೆದಿಟ್ಟು ಬಿಡಬಹುದು. ಬೂಷ್ಟು ಅಥವಾ ಕಾಯಿಲೆ ಕಂಡ ಗೂಡನ್ನು ಹಾಗೆ ಬಿಡಬೇಡಿ. ಖಾಲಿ ಪೆಟ್ಟಿಗೆಯನ್ನು ಒಣಗಿಸಿ, ಸ್ಕ್ರೂ ಸಡಿಲಿಸಿ, ಗಾಜು ಬೇರೆ ತೆಗೆದು ನೆರಳಿನಲ್ಲಿಟ್ಟರೆ ಮುಂದಿನ ಮಳೆಗಾಲದ ರಾಣಿಗೆ ಬಳಕೆಗೆ ಬರುತ್ತದೆ.